ನಾಲ್ಕು ಸಾವಿರ ಫೋಟೋಗಳಿಗೆ ಒಮ್ಮೆಗೇ ಹೆಸರಿಡುವುದು

ಮುಂಬಯಿಯ ಮಧ್ಯ ರೈಲ್ವೆ ಮಾರ್ಗದ ಒಂದು ಉಪನಗರದಲ್ಲಿ ನಮ್ಮ ಕನ್ನಡ ಸಂಘವಿದೆ. ಒಂದು ಕೊಠಡಿ, ಎರಡು ಉಕ್ಕಿನ ಕಪಾಟು, ಒಂದು ಕಂಪ್ಯೂಟರ್. ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾದಾಗ ಹಳೆಯ ಫೋಟೋಗಳನ್ನು ಒಟ್ಟುಮಾಡುವ ಹೊಣೆ ನನಗೆ ಬಂತು. ಮೂರು ವಾರಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳು ಸೇರಿದವು. ಯಕ್ಷಗಾನದವು, ರಾಜ್ಯೋತ್ಸವದವು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಗುಂಪುಚಿತ್ರಗಳು. ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಅವುಗಳ ಹೆಸರುಗಳೋ ಹೀಗಿದ್ದವು: ಡಿಎಸ್‌ಸಿ_0412, ಐಎಂಜಿ-20190814-ಡಬ್ಲ್ಯೂಎ0012, ಸ್ಕ್ಯಾನ್0007.

ಇಂಥ ರಾಶಿಗೆ ಒಂದೊಂದಾಗಿ ಹೆಸರಿಡುತ್ತ ಕೂತರೆ ತಿಂಗಳುಗಳು ಹಿಡಿಯುತ್ತವೆ. ಕಮಾಂಡ್ ಲೈನಿನಲ್ಲಿ, ಅಂದರೆ ಟೈಪ್ ಮಾಡಿದ ಆದೇಶಗಳ ಮೂಲಕ, ಅದೇ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಅಷ್ಟೇ ಬೇಗ ಎಲ್ಲವನ್ನೂ ಹಾಳುಮಾಡಲೂ ಬಹುದು. ಎರಡನ್ನೂ ನಾನು ಕಂಡಿದ್ದೇನೆ. ಆದೇಶಗಳನ್ನು ಟೈಪ್ ಮಾಡುವುದು ರೋಮನ್ ಅಕ್ಷರಗಳಲ್ಲಿ. ಇಲ್ಲಿ ಅವುಗಳ ಉಚ್ಚಾರವನ್ನು ಕನ್ನಡದಲ್ಲಿ ಬರೆದು, ಒಳಗೆ ಏನು ನಡೆಯುತ್ತದೆ ಎಂಬುದನ್ನು ವಿವರಿಸುತ್ತೇನೆ. ಒಳಗಿನದು ತಿಳಿದರೆ ಆದೇಶದ ಕಾಗುಣಿತವನ್ನು ಯಾವ ಕೈಪಿಡಿಯಲ್ಲಾದರೂ ನೋಡಿಕೊಳ್ಳಬಹುದು.

ಮೊದಲು, ಹೆಸರು ಬದಲಿಸುವುದು ಎಂದರೇನು? ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಮೆಟ್ಟಿಲ ಬಳಿ ಒಂದು ಫಲಕವಿರುತ್ತದೆ: ಯಾವ ಫ್ಲ್ಯಾಟಿನಲ್ಲಿ ಯಾರು ಎಂದು. ಕಂಪ್ಯೂಟರಿನ ಫೋಲ್ಡರ್ ಎಂದರೆ ಅಂಥದ್ದೇ ಫಲಕ. ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಅದರ ಪ್ರತಿ ಸಾಲಿನಲ್ಲೂ ಒಂದು ಹೆಸರು, ಒಂದು ಸಂಖ್ಯೆ. ಆ ಸಂಖ್ಯೆಗೆ ಐನೋಡ್ ಎನ್ನುತ್ತಾರೆ. ಚಿತ್ರದ ನಿಜವಾದ ಮಾಹಿತಿ ಡಿಸ್ಕಿನಲ್ಲಿ ಎಲ್ಲಿದೆ ಎಂಬುದು ಐನೋಡಿಗೆ ಗೊತ್ತು, ಫಲಕಕ್ಕೆ ಗೊತ್ತಿಲ್ಲ. ಹೆಸರು ಬದಲಿಸಿದಾಗ ಫಲಕದ ಮೇಲಿನ ಬರಹ ಮಾತ್ರ ಬದಲಾಗುತ್ತದೆ, ಮನೆಯೊಳಗಿನ ಒಂದು ಪಾತ್ರೆಯೂ ಅಲುಗುವುದಿಲ್ಲ. ಹತ್ತು ಜಿಬಿಯ ವಿಡಿಯೋ ಇರಲಿ, ಹತ್ತು ಕೆಬಿಯ ಪತ್ರ ಇರಲಿ, ಹೆಸರು ಬದಲಿಸಲು ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಒಯ್ಯುವುದು ಬೇರೆ ಮಾತು. ಅದು ಟೆಂಪೋ ತಂದು ಮನೆ ಖಾಲಿ ಮಾಡಿದಂತೆ: ಮೊದಲು ಪೂರ್ತಿ ನಕಲು, ಆಮೇಲೆ ಮೂಲದ ಅಳಿಸುವಿಕೆ.

ಈಗ ಫಲಕದಲ್ಲಿ ಆಗಲೇ ಇರುವ ಒಂದು ಹೆಸರನ್ನೇ ಮತ್ತೊಂದು ಫ್ಲ್ಯಾಟಿಗೂ ಬರೆದರೆ? ಒಂದೇ ಫಲಕದಲ್ಲಿ ಒಂದು ಹೆಸರಿಗೆ ಎರಡು ಸಾಲು ಇರುವಂತಿಲ್ಲ. ಹಳೆಯ ಸಾಲು ಅಳಿದು, ಹೆಸರು ಹೊಸ ಮನೆಯದಾಗುತ್ತದೆ. ಯಾವ ಫಲಕದಲ್ಲೂ ಹೆಸರಿಲ್ಲದ ಮನೆಯನ್ನು ವ್ಯವಸ್ಥೆ ಖಾಲಿ ಮನೆಯೆಂದು ಪರಿಗಣಿಸಿ, ಅಲ್ಲಿ ಬೇರೆ ಸಾಮಾನು ತುಂಬತೊಡಗುತ್ತದೆ.

ನನಗಾದದ್ದು ಇದೇ. ಒಂದೇ ಬಯಲಾಟವನ್ನು ಇಬ್ಬರು ಬೇರೆ ಬೇರೆ ಕ್ಯಾಮೆರಾಗಳಲ್ಲಿ ತೆಗೆದಿದ್ದರು. ಎರಡರಲ್ಲೂ ಡಿಎಸ್‌ಸಿ_0412 ಎಂಬ ಚಿತ್ರವಿತ್ತು. ಇದು ಆಕಸ್ಮಿಕವಲ್ಲ. 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಡಿಸಿಎಫ್ ಎಂಬ ಮಾನದಂಡದ ಪ್ರಕಾರ ಡಿಜಿಟಲ್ ಕ್ಯಾಮೆರಾದ ಫೈಲಿನ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. ಅಂಕಿ 0001ರಿಂದ 9999ರವರೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತದೆ. ಎರಡು ಕ್ಯಾಮೆರಾಗಳ ಚಿತ್ರಗಳು ಒಂದೆಡೆ ಸೇರಿದರೆ ಹೆಸರುಗಳು ಡಿಕ್ಕಿ ಹೊಡೆಯುವುದು ಬಹುತೇಕ ಖಚಿತ. ಎರಡೂ ಫೋಲ್ಡರುಗಳನ್ನು ಒಂದಾಗಿಸುವ ಆದೇಶ ಕೊಟ್ಟೆ. ಯಾವ ಎಚ್ಚರಿಕೆಯೂ ಬರಲಿಲ್ಲ. ಎಣಿಸಿ ನೋಡಿದಾಗ ಅರುವತ್ತೊಂದು ಚಿತ್ರ ಕಡಿಮೆ. ಅವುಗಳಲ್ಲಿ ಒಂದು, ಚೌಕಿಯಲ್ಲಿ ಕೂತು ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿದ್ದ ಹಿರಿಯ ವೇಷಧಾರಿಯೊಬ್ಬರದು. ಅವರು ಈಗಿಲ್ಲ. ಮೂಲದ ಮೆಮೊರಿ ಕಾರ್ಡಿನಲ್ಲಿ ಆಗಲೇ ಬೇರೆ ಮದುವೆಯ ಫೋಟೋಗಳು ತುಂಬಿದ್ದವು.

ನಾನು ಬಳಸಿದ್ದು ಎಂವಿ ಎಂಬ ಆದೇಶ. 1971ರ ನವೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ, ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯಲ್ಲೇ ಅದು ಇತ್ತು. ‘ಹಳೆಯ ಹೆಸರು, ಹೊಸ ಹೆಸರು’ ಎಂದು ಎರಡು ಮಾತು ಕೊಟ್ಟರೆ ಸಾಕು, ಕೆಲಸ ಮುಗಿಯುತ್ತದೆ. ಆ ಹೊಸ ಹೆಸರಿನ ಫೈಲ್ ಮೊದಲೇ ಇದ್ದರೆ ಅದನ್ನು ಮಾತಿಲ್ಲದೆ ಅಳಿಸುವುದು ಅದರ ಸಹಜ ವರ್ತನೆ. ಇದನ್ನು ತಡೆಯಲು ಆದೇಶದ ಜೊತೆಗೆ ಅಡ್ಡಗೆರೆ (-) ಮತ್ತು ಐ ಸೇರಿಸಿದರೆ ಪ್ರತಿ ಡಿಕ್ಕಿಗೂ ಕೇಳಿ ಮುಂದುವರಿಯುತ್ತದೆ. ಅಡ್ಡಗೆರೆ ಮತ್ತು ಎನ್ ಸೇರಿಸಿದರೆ ಇರುವುದನ್ನು ತುಳಿಯದೆ ಬಿಟ್ಟುಬಿಡುತ್ತದೆ. ರಾಶಿ ಕೆಲಸಕ್ಕೆ ಎರಡನೆಯದೇ ಮೇಲು, ಏಕೆಂದರೆ ಸಾವಿರ ಸಲ ಕೇಳಿದರೆ ಮನುಷ್ಯ ನೋಡದೆಯೇ ‘ಹೌದು’ ಒತ್ತಲಾರಂಭಿಸುತ್ತಾನೆ.

ಹೊಸದಾಗಿ ಕಲಿಯುವವರೆಲ್ಲ ಎಡವುವ ಜಾಗವೊಂದಿದೆ. ಜೆಪಿಇಜಿ ಎಂಬ ಬಾಲವಿರುವ ಎಲ್ಲ ಫೈಲುಗಳಿಗೂ ಜೆಪಿಜಿ ಎಂಬ ಬಾಲ ಬೇಕು. ‘ಎಂವಿ *.ಜೆಪಿಇಜಿ *.ಜೆಪಿಜಿ’ ಎಂದು ಬರೆದರೆ ಆಗಬೇಕಲ್ಲವೇ? ಆಗುವುದಿಲ್ಲ. ಕಾರಣ ಆ ನಕ್ಷತ್ರ ಚಿಹ್ನೆಯಲ್ಲಿದೆ. ಅದನ್ನು ಬಿಡಿಸುವುದು ಎಂವಿ ಅಲ್ಲ, ಶೆಲ್. ನಾವು ಟೈಪ್ ಮಾಡಿದ್ದನ್ನು ಓದಿ ತಕ್ಕ ಪ್ರೋಗ್ರಾಮಿಗೆ ಒಪ್ಪಿಸುವ ಮಧ್ಯವರ್ತಿಗೆ ಶೆಲ್ ಎನ್ನುತ್ತಾರೆ. ಶೆಲ್ ನಕ್ಷತ್ರವನ್ನು ಕಂಡ ಕೂಡಲೇ ಫೋಲ್ಡರನ್ನು ನೋಡಿ, ಹೊಂದುವ ಹೆಸರುಗಳನ್ನೆಲ್ಲ ಆ ಜಾಗದಲ್ಲಿ ಸಾಲಾಗಿ ಜೋಡಿಸುತ್ತದೆ. ಎಂವಿಗೆ ತಲುಪುವ ಹೊತ್ತಿಗೆ ನಕ್ಷತ್ರವೇ ಇರುವುದಿಲ್ಲ, ಹೆಸರುಗಳ ಉದ್ದನೆಯ ಸಾಲು ಮಾತ್ರ ಇರುತ್ತದೆ. ಜೆಪಿಇಜಿಗಳು ಹಲವಿದ್ದು, ಜೆಪಿಜಿ ಬಾಲದ ಫೈಲ್ ಒಂದೂ ಇಲ್ಲದಿದ್ದರೆ ಬ್ಯಾಷ್ ಎಂಬ ಶೆಲ್ ಎರಡನೆಯ ನಕ್ಷತ್ರವನ್ನು ಹಾಗೆಯೇ ಬಿಡುತ್ತದೆ. ಆಗ ಎಂವಿ ‘ಕೊನೆಯದು ಫೋಲ್ಡರ್ ಅಲ್ಲ’ ಎಂದು ದೂರಿ ನಿಲ್ಲುತ್ತದೆ. ಅದು ಅದೃಷ್ಟ. ಒಂದು ಜೆಪಿಇಜಿ, ಒಂದು ಜೆಪಿಜಿ ಮಾತ್ರ ಇದ್ದ ಫೋಲ್ಡರಿನಲ್ಲಿ ಇದೇ ಆದೇಶ ಕೊಟ್ಟರೆ ಮೊದಲನೆಯದು ಎರಡನೆಯದರ ಹೆಸರನ್ನು ಕಿತ್ತುಕೊಳ್ಳುತ್ತದೆ, ಎರಡನೆಯ ಚಿತ್ರ ಇಲ್ಲವಾಗುತ್ತದೆ. ವಿಂಡೋಸಿನ ಹಳೆಯ ಕಪ್ಪು ಪರದೆಯ ರೆನ್ ಆದೇಶದಲ್ಲಿ ಮಾತ್ರ ಇದು ನಾವಂದುಕೊಂಡಂತೆಯೇ ನಡೆಯುತ್ತದೆ, ಏಕೆಂದರೆ ಅಲ್ಲಿ ನಕ್ಷತ್ರವನ್ನು ಬಿಡಿಸುವುದು ಆ ಆದೇಶವೇ. ಅಲ್ಲಿ ಕಲಿತ ಅಭ್ಯಾಸವನ್ನು ಲಿನಕ್ಸಿಗೆ ತಂದವರು ಜೋಪಾನವಾಗಿರಬೇಕು.

ಹಾಗಾದರೆ ದಾರಿ? ಫೈಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳುವ ಸುತ್ತು. ಶೆಲ್‌ನಲ್ಲಿ ಫಾರ್, ಡೂ, ಡನ್ ಎಂಬ ಮೂರು ಪದಗಳಿಂದ ಅದನ್ನು ಕಟ್ಟುತ್ತಾರೆ. ಕನ್ನಡದಲ್ಲಿ ಓದಿಕೊಂಡರೆ ಹೀಗೆ: ‘ಜೆಪಿಇಜಿ ಎಂದು ಮುಗಿಯುವ ಪ್ರತಿಯೊಂದು ಫೈಲನ್ನೂ ತೆಗೆದುಕೋ. ಅದರ ಹೆಸರಿನ ಬಾಲ ಕತ್ತರಿಸು. ಉಳಿದ ಮುಂಡಕ್ಕೆ ಜೆಪಿಜಿ ಅಂಟಿಸು. ಆ ಹೊಸ ಹೆಸರನ್ನು ಇದಕ್ಕೆ ಇಡು. ಮುಂದಿನದಕ್ಕೆ ಹೋಗು.’ ಬಾಲ ಕತ್ತರಿಸಲು ಶೆಲ್‌ನಲ್ಲಿ ಶೇಕಡಾ ಚಿಹ್ನೆ ಸಾಕು. ತಲೆ ಕತ್ತರಿಸಲು ಹ್ಯಾಷ್ ಚಿಹ್ನೆ. ಸ್ಕ್ರಿಪ್ಟ್ ಎಂದರೆ ಇಂಥ ಸಾಲುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡದ್ದು, ಅಷ್ಟೇ.

ನನ್ನ ಮಟ್ಟಿಗೆ ಈ ವಿದ್ಯೆಯ ಜೀವಾಳ ಒಂದೇ ಪದದಲ್ಲಿದೆ: ಎಕೋ. ಕೊಟ್ಟದ್ದನ್ನು ಪರದೆಯ ಮೇಲೆ ಹಾಗೆಯೇ ಬರೆದು ತೋರಿಸುವ ಆದೇಶ ಅದು. ಸುತ್ತಿನೊಳಗೆ ಎಂವಿಯ ಮುಂದೆ ಎಕೋ ಎಂದು ಸೇರಿಸಿದರೆ ಒಂದು ಹೆಸರೂ ಬದಲಾಗುವುದಿಲ್ಲ. ಏನೇನು ಬದಲಾಗಲಿತ್ತೋ ಅದೆಲ್ಲ ಸಾಲುಸಾಲಾಗಿ ಕಣ್ಣ ಮುಂದೆ ಬರುತ್ತದೆ: ಈ ಹೆಸರು ಹೀಗಾಗುತ್ತದೆ, ಆ ಹೆಸರು ಹಾಗಾಗುತ್ತದೆ. ನಾಲ್ಕು ಸಾವಿರ ಸಾಲುಗಳನ್ನೂ ಓದಬೇಕಾಗಿಲ್ಲ. ಮೊದಲ ಇಪ್ಪತ್ತು, ಕೊನೆಯ ಇಪ್ಪತ್ತು, ನಡುವೆ ಅಲ್ಲಲ್ಲಿ ಓದಿದರೆ ನಿಯಮ ಎಲ್ಲಿ ಜಾರಿದೆ ಎಂದು ತಿಳಿದುಬಿಡುತ್ತದೆ. ಹೊಸ ಹೆಸರುಗಳನ್ನಷ್ಟೇ ಬೇರೆ ತೆಗೆದು ಸಾರ್ಟ್ ಆದೇಶದಿಂದ ಅಕಾರಾದಿಯಾಗಿ ಜೋಡಿಸಿ, ಯೂನಿಕ್ ಆದೇಶಕ್ಕೆ ಅಡ್ಡಗೆರೆ ಮತ್ತು ಡಿ ಸೇರಿಸಿ ಕೊಟ್ಟರೆ ಎರಡು ಸಲ ಬಂದ ಹೆಸರುಗಳನ್ನು ಮಾತ್ರ ಅದು ತೋರಿಸುತ್ತದೆ. ಪರದೆ ಖಾಲಿ ಇದ್ದರೆ ಹೊಸ ಹೆಸರುಗಳು ತಮ್ಮೊಳಗೆ ಡಿಕ್ಕಿ ಹೊಡೆಯುವುದಿಲ್ಲ ಎಂದರ್ಥ. ಈ ಎರಡು ಆದೇಶಗಳನ್ನು ಆ ದಿನ ಕೊಟ್ಟಿದ್ದರೆ ಚೌಕಿಯ ಆ ಚಿತ್ರ ಉಳಿಯುತ್ತಿತ್ತು.

ಒಂದು ಎಚ್ಚರಿಕೆ. ಎಕೋ ತೋರಿಸುವಾಗ ಉದ್ಧರಣ ಚಿಹ್ನೆಗಳು ಕಾಣಿಸುವುದಿಲ್ಲ. ‘ರಾಜ್ಯೋತ್ಸವ ಮೆರವಣಿಗೆ 3’ ಎಂಬ ಹೆಸರಿನಲ್ಲಿ ಎರಡು ಖಾಲಿ ಜಾಗಗಳಿವೆ. ಸ್ಕ್ರಿಪ್ಟಿನಲ್ಲಿ ಹೆಸರನ್ನು ಜೋಡಿ ಉದ್ಧರಣದೊಳಗೆ ಇಡದಿದ್ದರೆ ಬ್ಯಾಷ್ ಅದನ್ನು ಮೂರು ಬೇರೆ ಫೈಲುಗಳೆಂದು ತಿಳಿಯುತ್ತದೆ. ಉದ್ಧರಣ ಚಿಹ್ನೆ ಹಾಕುವುದನ್ನು ನಿಯಮವೆಂದೇ ಪಾಲಿಸಿ, ಹೆಸರಿನಲ್ಲಿ ಖಾಲಿ ಜಾಗ ಇರಲಿ, ಇಲ್ಲದಿರಲಿ.

ಇನ್ನು ಹೊಸ ಹೆಸರು ಹೇಗಿರಬೇಕು? ದಿನಾಂಕದಿಂದ ಆರಂಭವಾಗಲಿ, ಮತ್ತು ಅದು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರಲಿ: 2019-08-14. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಒಂದೊಂದೇ ಅಕ್ಷರ ಹೋಲಿಸಿ ಜೋಡಿಸುವುದರಿಂದ ‘14-8-2019’ ಎಂದು ಬರೆದರೆ ಎಲ್ಲ ವರ್ಷಗಳ ಹದಿನಾಲ್ಕನೆಯ ತಾರೀಕುಗಳು ಒಂದೆಡೆ ಗುಂಪಾಗುತ್ತವೆ. ಇದೇ ಕಾರಣಕ್ಕೆ 1, 10, 11, 2 ಎಂಬ ವಿಚಿತ್ರ ಕ್ರಮವೂ ಬರುತ್ತದೆ. ಪರಿಹಾರ, ಮುಂದೆ ಸೊನ್ನೆ ತುಂಬುವುದು: 0001, 0002. ಪ್ರಿಂಟ್‌ಎಫ್ ಎಂಬ ಆದೇಶ ಇದನ್ನು ಮಾಡುತ್ತದೆ. ಆದರೆ ಸೊನ್ನೆಯಲ್ಲೂ ಒಂದು ಬಲೆಯಿದೆ. ಬ್ಯಾಷ್‌ನಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಲೆಕ್ಕಕ್ಕೆ ಬಳಸಿದರೆ ಅದು ಎಂಟರ ಮೂಲದ ಸಂಖ್ಯೆ ಎಂದು ತಿಳಿಯುತ್ತದೆ. ಎಂಟರ ಮೂಲದಲ್ಲಿ ಎಂಟು, ಒಂಬತ್ತು ಎಂಬ ಅಂಕಿಗಳೇ ಇಲ್ಲ. ಹಾಗಾಗಿ ಸ್ಕ್ರಿಪ್ಟ್ 07ರವರೆಗೆ ಸರಾಗವಾಗಿ ಹೋಗಿ 08ರಲ್ಲಿ ದಿಢೀರನೆ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು 010: ನಿಲ್ಲದೆ, ಹತ್ತರ ಬದಲು ಎಂಟು ಎಂದು ಓದಿಕೊಂಡು ಮುಂದೆ ಹೋಗುತ್ತದೆ. ಸಂಖ್ಯೆಯ ಮುಂದೆ ‘10#’ ಎಂದು ಸೇರಿಸಿದರೆ ಹತ್ತರ ಮೂಲದಲ್ಲೇ ಓದುತ್ತದೆ.

ಸಾಲಿನ ನಡುವೆ ಒಂದು ಚಿತ್ರ ಸೇರಿಸಬೇಕಾದಾಗಲೂ ಜಾಗ್ರತೆ ಬೇಕು. 5ನ್ನು 6 ಮಾಡುವಾಗ ಹಳೆಯ 6 ಇನ್ನೂ ಅಲ್ಲೇ ಇರುತ್ತದೆ. ಕೊನೆಯಿಂದ ಹಿಂದಕ್ಕೆ ಬನ್ನಿ, ಇಲ್ಲವೇ ಎಲ್ಲಕ್ಕೂ ಮೊದಲು ತಾತ್ಕಾಲಿಕ ಹೆಸರು ಕೊಟ್ಟು ಆಮೇಲೆ ನಿಜವಾದ ಹೆಸರು ಕೊಡಿ.

ಹೆಸರಿನ ಒಳಗಿನ ತುಂಡುಗಳನ್ನು ಹಿಂದುಮುಂದು ಮಾಡಬೇಕಾದಾಗ ರಿನೇಮ್ ಎಂಬ ಆದೇಶ ಒದಗುತ್ತದೆ. ಈ ಹೆಸರಿನಲ್ಲಿ ಎರಡು ಬೇರೆ ಪ್ರೋಗ್ರಾಮುಗಳಿರುವುದು ಅನೇಕರ ಗೊಂದಲಕ್ಕೆ ಕಾರಣ. ಒಂದು ಸರಳ: ಈ ಪದ ತೆಗೆದು ಆ ಪದ ಹಾಕು ಎಂದರೆ ಮಾಡುತ್ತದೆ. ಇನ್ನೊಂದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವುದು, ಮಾದರಿಗಳನ್ನು ಅರ್ಥಮಾಡಿಕೊಳ್ಳುವಂಥದು. ‘ಎರಡು ಅಂಕಿ, ಅಡ್ಡಗೆರೆ, ಎರಡು ಅಂಕಿ, ಅಡ್ಡಗೆರೆ, ನಾಲ್ಕು ಅಂಕಿ’ ಎಂಬ ಮಾದರಿ ಬರೆದು, ಪ್ರತಿ ತುಂಡನ್ನೂ ಆವರಣದಲ್ಲಿ ಹಿಡಿದಿಟ್ಟು, ‘ಮೂರನೆಯದು ಮೊದಲು, ಎರಡನೆಯದು ನಡುವೆ, ಮೊದಲನೆಯದು ಕೊನೆಗೆ’ ಎಂದು ಹೇಳಿದರೆ 14-08-2019 ಎಂಬುದು 2019-08-14 ಆಗುತ್ತದೆ. ಪರ್ಲಿನ ರಿನೇಮಿಗೆ ಅಡ್ಡಗೆರೆ ಮತ್ತು ಎನ್ ಸೇರಿಸಿದರೆ ಏನು ಮಾಡಲಿದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಗಮನಿಸಿ: ಎಂವಿಯಲ್ಲಿ ಅದೇ ಎನ್‌ಗೆ ಬೇರೆ ಅರ್ಥ. ವಿಂಡೋಸಿನ ಪವರ್‌ಶೆಲ್ ಬಳಸುವವರಿಗೆ ರಿನೇಮ್-ಐಟಂ ಇದೆ. ಅದಕ್ಕೆ ವಾಟ್‌ಇಫ್ ಎಂದು ಸೇರಿಸಿದರೆ ಅದೂ ಮೊದಲು ತೋರಿಸುತ್ತದೆ.

ದಿನಾಂಕ ಎಲ್ಲಿಂದ ತರುವುದು ಎಂಬುದು ಚಿತ್ರ ಬಂದ ದಾರಿಯ ಮೇಲೆ ನಿಂತಿದೆ. ಕ್ಯಾಮೆರಾ ಚಿತ್ರಗಳ ಒಳಗೆ ಎಕ್ಸಿಫ್ ಎಂಬ ಟಿಪ್ಪಣಿಯಿರುತ್ತದೆ, ಅದರಲ್ಲಿ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು. ಎಕ್ಸಿಫ್‌ಟೂಲ್ ಎಂಬ ಉಚಿತ ಪ್ರೋಗ್ರಾಮ್ ಅದನ್ನು ಓದಿ ನೇರವಾಗಿ ಹೆಸರಾಗಿಸುತ್ತದೆ, ಮತ್ತು ಇರುವ ಫೈಲಿನ ಮೇಲೆ ಬರೆಯಲು ಒಪ್ಪುವುದಿಲ್ಲ. ಎರಡು ಕ್ಯಾಮೆರಾಗಳ ಬಯಲಾಟದ ಚಿತ್ರಗಳನ್ನು ಅದರಿಂದ ಜೋಡಿಸಿದಾಗ ಒಂದು ವಿಚಿತ್ರ ಕಂಡಿತು: ಒಂದರಲ್ಲಿ ಪೂರ್ವರಂಗ ನಡೆಯುತ್ತಿರುವ ಹೊತ್ತಿಗೆ ಇನ್ನೊಂದರಲ್ಲಿ ಪ್ರಸಂಗ ಅರ್ಧ ಮುಗಿದಿತ್ತು. ಒಂದು ಕ್ಯಾಮೆರಾ ದುಬೈಯಿಂದ ರಜೆಗೆ ಬಂದವರದು. ಅದರ ಗಡಿಯಾರ ಅಲ್ಲಿನ ಸಮಯದಲ್ಲೇ ಇತ್ತು, ಒಂದೂವರೆ ಗಂಟೆ ಹಿಂದೆ. ಅದೇ ಪ್ರೋಗ್ರಾಮಿನಿಂದ ಅಷ್ಟು ಸಮಯ ಕೂಡಿಸಿದಾಗ ಎರಡೂ ಕ್ಯಾಮೆರಾಗಳ ಆಟ ಒಂದೇ ತಾಳಕ್ಕೆ ಬಂತು. ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದ ಚಿತ್ರಗಳಲ್ಲಿ ಎಕ್ಸಿಫ್ ಉಳಿಯುವುದಿಲ್ಲ. ಹೆಸರಿನಲ್ಲಿರುವ ದಿನಾಂಕ ತೆಗೆದ ದಿನದ್ದೆಂದು ನಂಬುವಂತಿಲ್ಲ. ಮೂಲ ಬೇಕಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಸ್ಕ್ಯಾನ್ ಮಾಡಿದ ಹಳೆಯ ಮುದ್ರಿತ ಚಿತ್ರಗಳಿಗೆ ಸ್ಕ್ಯಾನ್ ಆದ ದಿನ ಮಾತ್ರ ಗೊತ್ತು. ಅಲ್ಲಿ ಯಾವ ಸ್ಕ್ರಿಪ್ಟೂ ನೆರವಾಗದು, ಬಲ್ಲವರನ್ನೇ ಕೇಳಬೇಕು.

ಹೆಸರಿನಲ್ಲಿ ಕನ್ನಡ ಬಳಸಬಹುದೇ ಎಂದು ಸಂಘದಲ್ಲಿ ಹಲವರು ಕೇಳಿದರು. ಧಾರಾಳವಾಗಿ ಬಳಸಬಹುದು, ಬಳಸಬೇಕು. ಆದರೆ ಎರಡು ಸಂಗತಿ ತಿಳಿದಿರಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ‘ಫೋ’ ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು. ಒಂದು, ಫಕಾರಕ್ಕೆ ಓಕಾರದ ಒಂದೇ ಚಿಹ್ನೆ. ಇನ್ನೊಂದು, ಓಕಾರವನ್ನು ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂದು ಮೂರು ತುಂಡಾಗಿಸಿ ಬರೆಯುವುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಒಳಗೆ ‘ಫೋಟೋ’ ಎಂಬ ಪದ ಮೊದಲ ಬಗೆಯಲ್ಲಿ 12 ಬೈಟ್ (ಕಂಪ್ಯೂಟರಿನ ಮಾಹಿತಿಯನ್ನು ಅಳೆಯುವ ಸಣ್ಣ ಏಕಮಾನ), ಎರಡನೆಯ ಬಗೆಯಲ್ಲಿ 24 ಬೈಟ್. ಆ್ಯಪಲ್‌ನ ಹಳೆಯ ಡಿಸ್ಕ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಂಥ ಡಿಸ್ಕಿನಿಂದ ಬಂದ ಫೈಲುಗಳನ್ನು ಲಿನಕ್ಸ್‌ನಲ್ಲಿ ‘ಫೋಟೋ’ ಎಂದು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ಕಣ್ಣೆದುರೇ ಇದ್ದರೂ. ಒಂದು ಸಂಜೆಯೆಲ್ಲ ಇದರೊಡನೆ ಹೆಣಗಿದ ಮೇಲೆ ಕಾನ್ವ್‌ಎಂವಿ ಎಂಬ ಆದೇಶ ಕೈಗೆ ಸಿಕ್ಕಿತು. ಅದು ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ ತರುತ್ತದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು: ಸುಮ್ಮನೆ ಕರೆದರೆ ಬರೀ ತೋರಿಸುತ್ತದೆ, ‘ಪರೀಕ್ಷೆಯಲ್ಲ, ನಿಜ’ ಎಂದು ಬರೆದು ಕೇಳಿದರೆ ಮಾತ್ರ ಬದಲಿಸುತ್ತದೆ. ಎಲ್ಲ ಆದೇಶಗಳೂ ಹೀಗಿರಬೇಕಿತ್ತು.

ಎರಡನೆಯದು ಉದ್ದ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಅಂದರೆ 85 ಚಿಹ್ನೆ. ಒತ್ತಕ್ಷರ, ಗುಣಿತ ಎಲ್ಲವೂ ಬೇರೆ ಬೇರೆ ಎಣಿಕೆ: ‘ಸ್ತ್ರೀ’ ಒಂದೇ ಅಕ್ಷರವಾದರೂ ಸ, ಹಲಂತ, ತ, ಹಲಂತ, ರ, ದೀರ್ಘ ಎಂದು ಆರು ಚಿಹ್ನೆ. ಉದ್ಘಾಟಕರ, ಅಧ್ಯಕ್ಷರ, ಮುಖ್ಯ ಅತಿಥಿಗಳ ಹೆಸರುಗಳನ್ನೆಲ್ಲ ಫೈಲಿನ ಹೆಸರಿಗೇ ತುಂಬಲು ಹೋದರೆ ಅರ್ಧದಲ್ಲೇ ಜಾಗ ಮುಗಿಯುತ್ತದೆ. ಇನ್ನು, ೧೯೮೫ ಮತ್ತು 1985 ಕಂಪ್ಯೂಟರಿಗೆ ಬೇರೆ ಬೇರೆ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

ಕೊನೆಗೆ ನಾವು ಮಾಡಿದ್ದು ಇಷ್ಟು. ಎಲ್ಲ ಚಿತ್ರಗಳನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿದೆವು. ಮೂಲದ ಫೈಲುಗಳ ಹೆಸರುಗಳನ್ನು ಒಂದು ಪಟ್ಟಿಗೆ ಇಳಿಸಿ ಎಕ್ಸೆಲ್‌ನಲ್ಲಿ ತೆರೆದೆವು. ಎಡಗಡೆ ಹಳೆಯ ಹೆಸರು, ಬಲಗಡೆ ಹೊಸದಕ್ಕೆ ಜಾಗ. ಎಕ್ಸಿಫ್‌ನಿಂದ ಸಿಕ್ಕ ದಿನಾಂಕಗಳನ್ನು ಸ್ಕ್ರಿಪ್ಟ್ ತುಂಬಿತು. ಉಳಿದದ್ದನ್ನು ಸಂಘದ ಹಿರಿಯ ಸದಸ್ಯೆಯೊಬ್ಬರು ತುಂಬಿದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಭಾನುವಾರಗಳಂದು ನಾನು ಚಿತ್ರ ತೆರೆಯುವುದು, ಅವರು ಕನ್ನಡಕ ಸರಿಪಡಿಸಿಕೊಂಡು ಹೇಳುವುದು.

“ಅಕ್ಕ, ಇದು ಮಾಟುಂಗದ ಕಾರ್ಯಕ್ರಮವೇ?”

“ಅಲ್ಲ ಮಾರಾಯ, ಹಿಂದಿನ ಪರದೆ ನೋಡು. ಇದು ಮುಲುಂಡ್. ಆ ವರ್ಷ ಮಳೆ ಬಂದು ಆಟವನ್ನು ಶಾಲೆಯ ಒಳಗೆ ಮಾಡಿದ್ದು.”

ಪಟ್ಟಿ ತುಂಬಿದ ಮೇಲೆ ಸ್ಕ್ರಿಪ್ಟಿನ ಕೆಲಸ ಬಹಳ ಸಣ್ಣದು. ಪಟ್ಟಿಯ ಪ್ರತಿ ಸಾಲನ್ನೂ ಓದು, ಬಲಗಡೆ ಖಾಲಿ ಇದ್ದರೆ ಬಿಡು, ಆ ಹೆಸರಿನ ಫೈಲ್ ಮೊದಲೇ ಇದ್ದರೆ ನಿಂತು ಹೇಳು, ಇಲ್ಲದಿದ್ದರೆ ಬದಲಿಸು. ಎಕೋ ಹಾಕಿ ಓಡಿಸಿ, ಬಂದದ್ದನ್ನು ಮುದ್ರಿಸಿ ಅಕ್ಕನ ಕೈಗೆ ಕೊಟ್ಟೆ. ಅವರು ಪೆನ್ಸಿಲಿನಲ್ಲಿ ಒಂಬತ್ತು ಕಡೆ ತಿದ್ದಿದರು. ತಿದ್ದಿದ ಪಟ್ಟಿಯಿಂದ ಎಕೋ ತೆಗೆದು ಓಡಿಸಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಆ ಪಟ್ಟಿಯನ್ನು ಚಿತ್ರಗಳ ಜೊತೆಗೇ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಬಲಗಡೆ ಖಾಲಿಯಿರುವ ಸಾಲುಗಳನ್ನು ಬಿಟ್ಟು, ಎರಡು ಕಾಲಮುಗಳನ್ನು ಅದಲುಬದಲು ಮಾಡಿ ಓಡಿಸಿದರೆ ಎಲ್ಲ ಹೆಸರುಗಳೂ ಹಿಂದಿನಂತಾಗುತ್ತವೆ. ಹೆಸರು ಬದಲಿಸುವ ಈ ಆದೇಶಗಳಿಗೆ ‘ರದ್ದುಮಾಡು’ ಎಂಬ ಗುಂಡಿ ಇಲ್ಲದಿರುವುದರಿಂದ ಈ ಪಟ್ಟಿಯೇ ಆ ಗುಂಡಿ. ಬಲಗಡೆ ಇನ್ನೂ ಮುನ್ನೂರು ಚಿಲ್ಲರೆ ಸಾಲುಗಳು ಖಾಲಿ ಇವೆ, ಹೆಚ್ಚಿನವು ರಾತ್ರಿ ಶಾಲೆಯ ಗುಂಪುಚಿತ್ರಗಳು. ಅವುಗಳ ಮುದ್ರಿತ ಪ್ರತಿಗಳನ್ನು ಅಕ್ಕ ಮುಂದಿನ ವಾರ ಫೋರ್ಟಿಗೆ ಒಯ್ಯುತ್ತಾರೆ. ಆ ಶಾಲೆಯಲ್ಲಿ ಓದಿದ ಇಬ್ಬರು ಅಲ್ಲಿ ಈಗಲೂ ಹೋಟೆಲ್ ನಡೆಸುತ್ತಿದ್ದಾರೆ.